ಮಳೆಯ ಲೆಕ್ಕ ಹಾಕುವ ಯಂತ್ರದ ಲೆಕ್ಕ ಯಾರದು?

ಆಷಾಢದ ಮಳೆ ಬಲಿತಾಗ ಅಡಿಕೆ ಬೆಳೆಗಾರನ ಮನಸ್ಸಿನಲ್ಲಿ ಉಳಿಯುವುದು ಒಂದೇ ಪ್ರಶ್ನೆ: ಮದ್ದು ಹೊಡೆಯಲು ಅರ್ಧ ದಿನದ ಹೊಳವು ಯಾವಾಗ ಸಿಕ್ಕೀತು? ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಕುರಿತ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೂ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವೇ ಈ ರೋಗಕ್ಕೆ ನಮ್ಮ ಮುಖ್ಯ ಮದ್ದು. ಆದರೆ ಗೊನೆಯ ಮೇಲೆ ಬಿದ್ದ ದ್ರಾವಣ ಒಣಗುವ ಮುನ್ನವೇ ಮಳೆ ಸುರಿದರೆ ಮದ್ದು, ಕೂಲಿ, ಕೊನೆಗಾರನ ಶ್ರಮ ಎಲ್ಲವೂ ತೊಳೆದುಹೋಗುತ್ತವೆ. ಆದ್ದರಿಂದ 'ರಾಜ್ಯದ ಒಳನಾಡಿನಲ್ಲಿ ಚದುರಿದಂತೆ ಮಳೆಯಾಗಲಿದೆ' ಎಂಬ ವಾಕ್ಯದಿಂದ ಬೆಳೆಗಾರನಿಗೆ ಉಪಯೋಗವಿಲ್ಲ. ಈ ಗುಡ್ಡದ ಈಚೆ, ಈ ಹಳ್ಳದ ಬದಿಯಲ್ಲಿ, ನಾಳೆ ಮಧ್ಯಾಹ್ನದವರೆಗೆ ಏನಾಗುತ್ತದೆ ಎಂಬುದು ಅವನಿಗೆ ಬೇಕಾದ ಉತ್ತರ.

ಆ ಉತ್ತರ ಹುಟ್ಟುವುದು ಪುಣೆಯಲ್ಲಿ ಮತ್ತು ನೋಯ್ಡಾದಲ್ಲಿ, ಸೂಪರ್ ಕಂಪ್ಯೂಟರುಗಳ ಗಣನೆಯಲ್ಲಿ. ಅಂಥ ಗಣನೆಯ ವೇಗವನ್ನು ಹೆಚ್ಚಿಸಲೆಂದೇ ಇಂದು ಪ್ರಪಂಚದಾದ್ಯಂತ 'ವೇಗವರ್ಧಕ'ಗಳೆಂಬ ವಿಶೇಷ ಬಿಲ್ಲೆಗಳನ್ನು ಕೊಳ್ಳಲಾಗುತ್ತಿದೆ. ಕೊಂಡ ದಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಆಮೇಲೆ ಅವು ದಿನಕ್ಕೆ ಎಷ್ಟು ಹೊತ್ತು ದುಡಿದವು, ಯಾರ ಕೆಲಸಕ್ಕೆ ದುಡಿದವು, ಎಷ್ಟು ವಿದ್ಯುತ್ತು ತಿಂದವು ಎಂದು ಕೇಳುವವರು ವಿರಳ. ಯಂತ್ರದ ಬೆಲೆಗಿಂತ ಯಂತ್ರದ ಉಸ್ತುವಾರಿ ಮುಖ್ಯವೆಂಬುದೂ, ಆ ಉಸ್ತುವಾರಿಯ ಲೆಕ್ಕ ಕೇಳುವ ಹಕ್ಕು ಬೆಟ್ಟದ ಜನರಿಗೂ ಇದೆಯೆಂಬುದೂ ಈ ಸಂಪಾದಕೀಯದ ಮಾತು.

ಜಾಲದ ಕಣ್ಣಿನ ಗಾತ್ರ

ಹವಾಮಾನದ ಗಣನೆಯಲ್ಲಿ ಭೂಮಿಯ ಮೇಲೆ ಒಂದು ಬಲೆಯನ್ನು ಹಾಸಿದಂತೆ ಕಲ್ಪಿಸಿಕೊಳ್ಳುತ್ತಾರೆ. ಬಲೆಯ ಒಂದೊಂದು ಕಣ್ಣಿಗೂ ಒಂದೊಂದು ಉಷ್ಣತೆ, ಒತ್ತಡ, ತೇವಾಂಶ, ಗಾಳಿಯ ದಿಕ್ಕು. ಕಣ್ಣಿನ ಒಳಗೆ ಏನಿದ್ದರೂ ಯಂತ್ರದ ಪಾಲಿಗೆ ಅದೆಲ್ಲ ಒಂದೇ. 12 ಕಿಲೋಮೀಟರಿನ ಬಲೆಯಾದರೆ ಒಂದು ಕಣ್ಣು 144 ಚದರ ಕಿಲೋಮೀಟರು. ನಮ್ಮ ಸೀಮೆಯಲ್ಲಿ ಅಷ್ಟು ಜಾಗದೊಳಗೆ ಒಂದು ಘಟ್ಟದ ಅಂಚು, ಎರಡು ಕಣಿವೆ, ಹತ್ತಾರು ಊರುಗಳು ಅಡಗಿರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೆ, ತೊಂಬತ್ತು ಕಿಲೋಮೀಟರು ದೂರದ ಶಿವಮೊಗ್ಗ ಪಟ್ಟಣದಲ್ಲಿ ಸಾವಿರದ ಆಸುಪಾಸು. ಇಷ್ಟು ಕಡಿದಾದ ಇಳಿಜಾರನ್ನು ದೊಡ್ಡ ಕಣ್ಣಿನ ಬಲೆ ಹಿಡಿಯಲಾರದು. ಬಯಲುಸೀಮೆಯಲ್ಲಿ ಅಷ್ಟಾಗಿ ತೊಂದರೆ ಕೊಡದ ಈ ಕೊರತೆ ಮಲೆನಾಡಿನಲ್ಲಿ ಬೆಳೆಯನ್ನೇ ಕಳೆಯುತ್ತದೆ.

ಹಾಗಾದರೆ ಬಲೆಯನ್ನು ಕಿರಿದಾಗಿಸಬಾರದೇಕೆ? ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಕಣ್ಣಿನ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಉದ್ದದಲ್ಲಿ ಎರಡು ಪಟ್ಟು, ಅಗಲದಲ್ಲಿ ಎರಡು ಪಟ್ಟು ಕಣ್ಣುಗಳಾಗುತ್ತವೆ. ಕಣ್ಣು ಚಿಕ್ಕದಾದಷ್ಟೂ ಗಣನೆಯ ಕಾಲದ ಹೆಜ್ಜೆಯೂ ಕಿರಿದಾಗಬೇಕಾದ್ದರಿಂದ ಮತ್ತೊಂದು ಎರಡು ಪಟ್ಟು. ಒಟ್ಟು ಎಂಟು ಪಟ್ಟು ಕೆಲಸ. 12 ಕಿಲೋಮೀಟರಿನಿಂದ 6ಕ್ಕೆ ಇಳಿದರೆ 8 ಪಟ್ಟು, 3ಕ್ಕೆ ಇಳಿದರೆ 64 ಪಟ್ಟು, ಒಂದೂವರೆಗೆ ಇಳಿದರೆ 512 ಪಟ್ಟು. ಬೆಟ್ಟವನ್ನು ಬೆಟ್ಟವೆಂದು ಗುರುತಿಸುವ ಮುನ್ಸೂಚನೆಗೆ ಇಷ್ಟೊಂದು ಗಣನೆ ಬೇಕಾಗುವುದರಿಂದಲೇ ವೇಗವರ್ಧಕದ ಮಾತು ನಮ್ಮ ತೋಟದವರೆಗೂ ಬರುತ್ತದೆ.

ವೇಗವರ್ಧಕವೆಂದರೇನು?

ಸಾಮಾನ್ಯ ಕಂಪ್ಯೂಟರಿನ ಪ್ರೊಸೆಸರು ಎಲ್ಲ ಬಗೆಯ ಕೆಲಸ ಬಲ್ಲ ಅನುಭವಿ ಆಳಿನಂತೆ. ಯಾವ ಕೆಲಸ ಹೇಳಿದರೂ ಯೋಚಿಸಿ ಮಾಡಬಲ್ಲದು, ಆದರೆ ಒಂದು ಹೊತ್ತಿಗೆ ಕೆಲವೇ ಕೆಲಸ. ವೇಗವರ್ಧಕ ಅದಕ್ಕಿಂತ ಭಿನ್ನ. ಅದು ಒಂದೇ ಬಗೆಯ ಕೆಲಸವನ್ನು ಸಾಲಾಗಿ ನಿಂತು ಮಾಡುವ ಸಾವಿರಾರು ನಾಟಿ ಆಳುಗಳ ತಂಡ. ಕಂಪ್ಯೂಟರ್ ಆಟಗಳ ಚಿತ್ರ ಮೂಡಿಸಲೆಂದು ಹುಟ್ಟಿದ ಜಿಪಿಯು ಎಂಬ ಬಿಲ್ಲೆ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಬಲೆಯ ಲಕ್ಷಾಂತರ ಕಣ್ಣುಗಳಲ್ಲಿ ಒಂದೇ ಸಮೀಕರಣವನ್ನು ಬಿಡಿಸುವ ಹವಾಮಾನದ ಗಣನೆಗೆ ಈ ಗುಣ ಚೆನ್ನಾಗಿ ಹೊಂದುತ್ತದೆ.

2008ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ 'ರೋಡ್‌ರನ್ನರ್' ಯಂತ್ರವು ಸೆಕೆಂಡಿಗೆ ಒಂದು ಪೆಟಾಫ್ಲಾಪ್, ಅಂದರೆ 1ರ ಮುಂದೆ 15 ಸೊನ್ನೆಗಳಷ್ಟು ಲೆಕ್ಕಗಳ ಗಡಿಯನ್ನು ಮೊದಲ ಬಾರಿಗೆ ದಾಟಿದ್ದು ಇಂಥ ವೇಗವರ್ಧಕಗಳ ಬಲದಿಂದ. 2010ರಲ್ಲಿ ಚೀನಾದ 'ತಿಯಾನ್ಹೆ-1ಎ' ಏಳು ಸಾವಿರಕ್ಕೂ ಹೆಚ್ಚು ಜಿಪಿಯುಗಳೊಂದಿಗೆ ಜಗತ್ತಿನ ಅತಿ ವೇಗದ ಯಂತ್ರವಾಯಿತು. 2022ರಲ್ಲಿ ಅಮೆರಿಕದ ಓಕ್ ರಿಜ್‌ನ 'ಫ್ರಾಂಟಿಯರ್' ಅದಕ್ಕೂ ಸಾವಿರ ಪಟ್ಟು ಆಚೆಯ ಗಡಿಯನ್ನು ದಾಟಿತು. ಅದರ 9,408 ಘಟಕಗಳಲ್ಲಿ ಒಂದೊಂದಕ್ಕೂ ಒಂದು ಸಾಮಾನ್ಯ ಪ್ರೊಸೆಸರು, ನಾಲ್ಕು ವೇಗವರ್ಧಕಗಳು.

ವೇಗವರ್ಧಕ ತಂದು ಕೂರಿಸಿದೊಡನೆ ಎಲ್ಲವೂ ವೇಗವಾಗುತ್ತದೆಂಬ ಭ್ರಮೆ ಬೇಡ. ಜೀನ್ ಆಮ್ಡಾಲ್ ಎಂಬ ತಂತ್ರಜ್ಞ 1967ರಲ್ಲೇ ಸರಳವಾದ ಒಂದು ಮಿತಿಯನ್ನು ತೋರಿಸಿಕೊಟ್ಟಿದ್ದರು. ಕೆಲಸದ ಹತ್ತನೆಯ ಒಂದು ಭಾಗ ಹಂಚಿಕೊಳ್ಳಲು ಬಾರದ್ದಾಗಿದ್ದರೆ, ಉಳಿದುದಕ್ಕೆ ಎಷ್ಟು ಸಾವಿರ ಆಳುಗಳನ್ನು ಹಾಕಿದರೂ ಒಟ್ಟು ವೇಗ ಹತ್ತು ಪಟ್ಟನ್ನು ಮೀರದು. ಇದರೊಂದಿಗೆ ದತ್ತಾಂಶವನ್ನು ಸಾಗಿಸುವ ಹೊರೆಯೂ ಇದೆ. ಅಡಿಕೆ ಸುಲಿಯುವ ಯಂತ್ರವನ್ನು ತರಿಸಿದ ಮನೆಯಲ್ಲಿ ಗೊನೆ ಹೊತ್ತು ತರುವವರು ಸಾಲದಿದ್ದರೆ ಯಂತ್ರ ಬರಿದೇ ತಿರುಗುತ್ತದೆ. ಹಾಗೆಯೇ ಮೂಲ ಸ್ಮೃತಿಕೋಶದಿಂದ ವೇಗವರ್ಧಕಕ್ಕೆ ಅಂಕಿಗಳು ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಸಾವಿರಾರು ಆಳುಗಳೂ ಕೈಕಟ್ಟಿ ನಿಲ್ಲುತ್ತಾರೆ. ಹವಾಮಾನದ ಗಣನೆಯಲ್ಲಿ ಆಗುವುದು ಬಹುತೇಕ ಇದೇ: ಲೆಕ್ಕ ಮಾಡುವ ಹೊತ್ತಿಗಿಂತ ಅಂಕಿಗಾಗಿ ಕಾಯುವ ಹೊತ್ತೇ ಹೆಚ್ಚು.

ಆಲ್ಪ್ಸ್ ಬೆಟ್ಟಗಳ ಉದಾಹರಣೆ

ಈ ವಿಷಯದಲ್ಲಿ ನಾವು ಗಮನಿಸಬೇಕಾದ ದೇಶ ಸ್ವಿಟ್ಜರ್ಲೆಂಡ್. ಅದೂ ನಮ್ಮಂತೆಯೇ ಕಣಿವೆಗಳ ನಾಡು, ಅಲ್ಲಿಯೂ ಒಂದು ಬೆಟ್ಟದ ಆಚೀಚೆಯ ಹವೆ ಬೇರೆ ಬೇರೆ. ಅಲ್ಲಿನ ರಾಷ್ಟ್ರೀಯ ಹವಾಮಾನ ಸಂಸ್ಥೆ 'ಮೆಟಿಯೋಸ್ವಿಸ್' 2016ರಲ್ಲಿ ತನ್ನ ದಿನನಿತ್ಯದ ಮುನ್ಸೂಚನೆಯನ್ನು ಪೂರ್ತಿಯಾಗಿ ಜಿಪಿಯುಗಳ ಮೇಲೆ ನಡೆಸತೊಡಗಿತು. ಜಗತ್ತಿನ ರಾಷ್ಟ್ರೀಯ ಹವಾಮಾನ ಸಂಸ್ಥೆಗಳಲ್ಲಿ ಹೀಗೆ ಮಾಡಿದ್ದು ಅದೇ ಮೊದಲು. ಬಲೆಯ ಕಣ್ಣು 2.2 ಕಿಲೋಮೀಟರಿನಿಂದ 1.1ಕ್ಕೆ ಇಳಿಯಿತು. ಮೂರು ಗಂಟೆಗೊಮ್ಮೆ ಹೊಸ ಮುನ್ಸೂಚನೆ ಬರತೊಡಗಿತು.

ಈ ಯಶಸ್ಸಿಗೆ ಕಾರಣ ಬಿಲ್ಲೆಗಳ ಖರೀದಿಯೊಂದೇ ಅಲ್ಲ. ಯಂತ್ರ ಬರುವುದಕ್ಕೆ ಐದಾರು ವರ್ಷ ಮೊದಲೇ ಹವಾಮಾನ ತಜ್ಞರು, ಗಣಿತಜ್ಞರು ಮತ್ತು ತಂತ್ರಾಂಶ ಬರೆಯುವವರು ಒಟ್ಟಿಗೆ ಕುಳಿತು, ಹಲವು ವರ್ಷಗಳಿಂದ ಬೆಳೆದುಬಂದಿದ್ದ 'ಕಾಸ್ಮೋ' ಎಂಬ ಮಾದರಿಯ ಹೃದಯಭಾಗವನ್ನು ಹೊಸದಾಗಿ ಬರೆದರು. ಯಾವ ಬಿಲ್ಲೆಯ ಮೇಲೆ ನಡೆಯಬೇಕು ಎಂಬ ವಿವರವನ್ನು ವಿಜ್ಞಾನದ ಸಮೀಕರಣಗಳಿಂದ ಬೇರ್ಪಡಿಸಿದರು. ಬಿಲ್ಲೆ ಬದಲಾದರೂ ಸಮೀಕರಣವನ್ನು ಮತ್ತೆ ಬರೆಯಬೇಕಾಗದಂತೆ ನೋಡಿಕೊಳ್ಳುವುದು ಅವರ ಉದ್ದೇಶವಾಗಿತ್ತು.

ಅವರ ಯಂತ್ರವನ್ನು ಎರಡು ಕಪಾಟುಗಳಾಗಿ ಕಟ್ಟಲಾಗಿತ್ತು. ಒಂದು ದಿನನಿತ್ಯದ ಮುನ್ಸೂಚನೆಗೆ. ಇನ್ನೊಂದು ಸಂಶೋಧನೆಗೆ, ಆದರೆ ಮೊದಲನೆಯದು ಕೆಟ್ಟರೆ ತಕ್ಷಣ ಸಂಶೋಧನೆ ಬದಿಗೆ ಸರಿದು ಎರಡನೆಯದು ಮುನ್ಸೂಚನೆಗೆ ನಿಲ್ಲಬೇಕು. ಎಷ್ಟು ದೊಡ್ಡ ವಿಜ್ಞಾನಿಯ ಪ್ರಯೋಗವಾದರೂ ನಾಳಿನ ಮಳೆಯ ಲೆಕ್ಕಕ್ಕಿಂತ ಮೊದಲಲ್ಲ ಎಂಬ ನಿಯಮ ಅದರ ರಚನೆಯಲ್ಲೇ ಅಡಕವಾಗಿತ್ತು. ನಾಳಿನ ಮುನ್ಸೂಚನೆ ನಾಡಿದ್ದು ಬಂದರೆ ಅದು ಬರಿಯ ಇತಿಹಾಸ. ಲುಗಾನೋ ನಗರದಲ್ಲಿರುವ ಆ ಗಣಕ ಕೇಂದ್ರವು ಯಂತ್ರಗಳನ್ನು ತಂಪಾಗಿಸಲು ಪಕ್ಕದ ಸರೋವರದ 45 ಮೀಟರು ಆಳದಿಂದ ಸುಮಾರು 6 ಡಿಗ್ರಿಯ ತಣ್ಣೀರನ್ನು ತಂದು, ಬಳಸಿದ ನೀರು 25 ಡಿಗ್ರಿಯನ್ನು ಮೀರದಂತೆ ನೋಡಿಕೊಂಡು ಹಿಂದಕ್ಕೆ ಬಿಡುತ್ತದೆ. ಸರೋವರದ ಜೀವಜಾಲಕ್ಕೆ ಧಕ್ಕೆಯಾಗಬಾರದೆಂಬ ಎಚ್ಚರವೂ ಉಸ್ತುವಾರಿಯ ಭಾಗವೇ.

ಉಸ್ತುವಾರಿಯ ಐದು ಅಂಗಗಳು

ವಿದ್ಯಾರ್ಥಿ ಮಿತ್ರರಿಗಾಗಿ ಈ ಉಸ್ತುವಾರಿಯನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ.

ಮೊದಲನೆಯದು ಸರದಿ. ನೂರಾರು ಸಂಶೋಧಕರು ಒಂದೇ ಯಂತ್ರವನ್ನು ಬಳಸುವಾಗ ಯಾರಿಗೆ ಎಷ್ಟು ವೇಗವರ್ಧಕ, ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವ ತಂತ್ರಾಂಶವೊಂದು ಇರಲೇಬೇಕು. 'ಸ್ಲರ್ಮ್' ಎಂಬುದು ಇವುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ. ಕಾಲುವೆಯ ನೀರನ್ನು ಸರದಿಯಂತೆ ಹಂಚುವ ನೀರುಗಂಟಿಯ ಕೆಲಸವನ್ನು ಅದು ಮಾಡುತ್ತದೆ. ದೊಡ್ಡ ಕೆಲಸಕ್ಕೆ ಬೇಕಾದಷ್ಟು ಜಾಗ ತೆರವಾಗುವವರೆಗೆ ನಡುವಿನ ಬಿಡುವಿನಲ್ಲಿ ಸಣ್ಣ ಕೆಲಸಗಳನ್ನು ತೂರಿಸುತ್ತದೆ, ಭತ್ತದ ಕೊಯ್ಲಿನ ನಂತರ ಉಳಿದ ತೇವದಲ್ಲಿ ಉದ್ದು ಬಿತ್ತಿದ ಹಾಗೆ. ಆದರೆ ಯಾರು ಮೊದಲು ಎಂಬ ನೀತಿಯನ್ನು ತಂತ್ರಾಂಶ ತಾನಾಗಿ ರೂಪಿಸುವುದಿಲ್ಲ. ಅದನ್ನು ಬರೆಯುವವರು ಮನುಷ್ಯರು.

ಎರಡನೆಯದು ಪಾಲು. ಸಣ್ಣ ಕೆಲಸಕ್ಕೆ ಇಡೀ ಬಿಲ್ಲೆಯನ್ನು ಕೊಡುವುದು ಒಂದು ಗುಂಟೆಯ ಸಸಿಮಡಿಗೆ ಹತ್ತು ಅಶ್ವಶಕ್ತಿಯ ಪಂಪು ಹಚ್ಚಿದಂತೆ. 2020ರಲ್ಲಿ ಬಂದ ಎನ್ವಿಡಿಯಾ ಕಂಪನಿಯ ಎ100 ಬಿಲ್ಲೆಯನ್ನು ಏಳು ಪ್ರತ್ಯೇಕ ಭಾಗಗಳವರೆಗೆ ಒಡೆದು ಏಳು ಜನರಿಗೆ ಹಂಚಬಹುದು. ಈ ಸೌಲಭ್ಯವಿದ್ದೂ ಬಳಸದಿದ್ದರೆ ಒಬ್ಬ ವಿದ್ಯಾರ್ಥಿಯ ಅಭ್ಯಾಸದ ಪಾಠಕ್ಕೆ ಲಕ್ಷಾಂತರ ರೂಪಾಯಿಯ ಬಿಲ್ಲೆ ಇಡೀ ದಿನ ಮೀಸಲಾಗಿ, ಆರು ಜನ ಸರದಿಯಲ್ಲಿ ಕಾಯುತ್ತಾರೆ.

ಮೂರನೆಯದು ಅಳತೆ. ಇಲ್ಲಿ ಒಂದು ಮೋಸದ ಅಂಕಿಯಿದೆ. 'ಜಿಪಿಯು ಬಳಕೆ ನೂರಕ್ಕೆ ನೂರು' ಎಂದು ಸಾಮಾನ್ಯ ಉಪಕರಣ ತೋರಿಸಿದರೆ ಅದರ ಅರ್ಥ, ಅಳೆದ ಅವಧಿಯಲ್ಲೆಲ್ಲ ಬಿಲ್ಲೆಯ ಮೇಲೆ ಯಾವುದೋ ಒಂದು ಕೆಲಸ ನಡೆದಿತ್ತು ಎಂದಷ್ಟೇ. ಸಾವಿರಾರು ಆಳುಗಳಲ್ಲಿ ಬೆರಳೆಣಿಕೆಯವರು ಮಾತ್ರ ದುಡಿದಿದ್ದರೂ ಅಂಕಿ ನೂರೇ. ಪಂಪಿನ ಮೋಟಾರು ತಿರುಗಿದ ಗಂಟೆಗಳನ್ನು ಬರೆದಿಟ್ಟರೆ ಕಾಲುವೆಯ ಕೊನೆಗೆ ಎಷ್ಟು ನೀರು ತಲುಪಿತು ಎಂಬುದು ತಿಳಿಯುವುದಿಲ್ಲ. ನಿಜವಾಗಿ ಅಳೆಯಬೇಕಾದ್ದು ಪ್ರತಿ ಯೂನಿಟ್ ವಿದ್ಯುತ್ತಿಗೆ ಎಷ್ಟು ಉಪಯುಕ್ತ ಗಣನೆಯಾಯಿತು ಎಂಬುದನ್ನು.

ನಾಲ್ಕನೆಯದು ಕೆಡುಕಿನ ನಿರ್ವಹಣೆ. ಸಾವಿರಾರು ಬಿಲ್ಲೆಗಳು ಒಂದಾಗಿ ದುಡಿಯುವಾಗ ಯಾವುದಾದರೊಂದು ಕೆಡುವುದು ನಿತ್ಯದ ಸಂಗತಿ. ಮೆಟಾ ಕಂಪನಿಯು ತನ್ನ ಭಾಷಾ ಮಾದರಿ 'ಲಾಮಾ 3'ನ್ನು ತರಬೇತುಗೊಳಿಸಿದಾಗ 16,384 ಜಿಪಿಯುಗಳು 54 ದಿನ ದುಡಿದವು. ಆ ಅವಧಿಯಲ್ಲಿ 419 ಬಾರಿ ಅನಿರೀಕ್ಷಿತವಾಗಿ ಕೆಲಸ ನಿಂತಿತೆಂದು ಕಂಪನಿಯೇ 2024ರಲ್ಲಿ ಪ್ರಕಟಿಸಿತು. ಸರಾಸರಿ ಮೂರು ಗಂಟೆಗೊಮ್ಮೆ. ಅರ್ಧಕ್ಕಿಂತ ಹೆಚ್ಚು ತಡೆಗಳಿಗೆ ಜಿಪಿಯುಗಳ ಮತ್ತು ಅವುಗಳ ಸ್ಮೃತಿಕೋಶದ ದೋಷಗಳೇ ಕಾರಣವಾಗಿದ್ದವು. ಆಗಾಗ ಗಣನೆಯ ಸ್ಥಿತಿಯನ್ನು ಉಳಿಸಿಟ್ಟುಕೊಂಡು ನಿಂತಲ್ಲಿಂದ ಮುಂದುವರಿಯುವ ವ್ಯವಸ್ಥೆ ಇಲ್ಲದಿದ್ದರೆ ಇಂಥ ಕೆಲಸ ಮುಗಿಯುವುದೇ ಇಲ್ಲ.

ಐದನೆಯದು ವಿದ್ಯುತ್ತು ಮತ್ತು ಶಾಖ. ಹತ್ತು ವರ್ಷಗಳ ಹಿಂದೆ ಬಳಕೆಯಲ್ಲಿದ್ದ ಕೆ40 ಬಿಲ್ಲೆಯ ಗರಿಷ್ಠ ಬಳಕೆ 235 ವಾಟ್ ಆಗಿತ್ತು. ನಂತರದ ಎಚ್100ರದ್ದು 700 ವಾಟ್. ಕೆಲಸವಿಲ್ಲದೆ ನಿಂತಾಗಲೂ ಒಂದೊಂದು ಬಿಲ್ಲೆ ಹತ್ತಾರು ವಾಟ್ ತಿನ್ನುತ್ತದೆ. ಬಿಲ್ಲೆಗೆ ವಿದ್ಯುತ್ತಿನ ಮಿತಿಯನ್ನು ವಿಧಿಸುವ ಸೌಲಭ್ಯವೂ ಇದೆ. ಅಂಕಿಗಾಗಿ ಕಾಯುವುದೇ ಹೆಚ್ಚಾದ ಹವಾಮಾನದಂಥ ಗಣನೆಯಲ್ಲಿ ಮಿತಿಯನ್ನು ಕೊಂಚ ತಗ್ಗಿಸಿದರೆ ವೇಗ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಇದನ್ನು ಅಳೆದು, ಕೆಲಸಕ್ಕೆ ತಕ್ಕಂತೆ ಹೊಂದಿಸಲು ಯಂತ್ರದ ಮುಂದೆ ತಿಳಿದವರು ಕೂರಬೇಕು. ಅಂಥವರ ಸಂಬಳ ಖರೀದಿಯ ಟೆಂಡರಿನಲ್ಲಿ ಕಾಣುವುದಿಲ್ಲ.

ನಮ್ಮ ದೇಶದ ಸ್ಥಿತಿ

ಭಾರತದ ಹವಾಮಾನ ಗಣನೆ ಕಳೆದ ಕೆಲವು ವರ್ಷಗಳಲ್ಲಿ ದೊಡ್ಡ ಹೆಜ್ಜೆಗಳನ್ನಿಟ್ಟಿದೆ, ಅದನ್ನು ಮೆಚ್ಚಲೇಬೇಕು. 2018ರಲ್ಲಿ ಪುಣೆಯ 'ಪ್ರತ್ಯೂಷ್' ಮತ್ತು ನೋಯ್ಡಾದ 'ಮಿಹಿರ್' ಸೇರಿ 6.8 ಪೆಟಾಫ್ಲಾಪ್ ಬಲ ಒದಗಿಸಿದವು. 2024ರ ಸೆಪ್ಟೆಂಬರಿನಲ್ಲಿ 850 ಕೋಟಿ ರೂಪಾಯಿ ವೆಚ್ಚದ 'ಅರ್ಕ' ಮತ್ತು 'ಅರುಣಿಕಾ' ಲೋಕಾರ್ಪಣೆಯಾದವು. ಪುಣೆಯ ಅರ್ಕದ ಬಲ 11.77 ಪೆಟಾಫ್ಲಾಪ್, ನೋಯ್ಡಾದ ಅರುಣಿಕಾದ ಬಲ 8.24. ಇವುಗಳೊಂದಿಗೆ ಕೃತಕ ಬುದ್ಧಿಮತ್ತೆಯ ಕೆಲಸಕ್ಕೆಂದೇ 1.9 ಪೆಟಾಫ್ಲಾಪಿನ ಪ್ರತ್ಯೇಕ ವ್ಯವಸ್ಥೆಯಿದೆ. 2025ರ ಮೇ 26ರಂದು 6 ಕಿಲೋಮೀಟರು ಬಲೆಯ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಜಾರಿಗೆ ಬಂತು. ಹಿಂದಿನ 12 ಕಿಲೋಮೀಟರಿನ ಕಣ್ಣಿಗಿಂತ ಇದು ನಮಗೆ ಹತ್ತಿರದ್ದು. ಆದರೂ 36 ಚದರ ಕಿಲೋಮೀಟರಿನ ಕಣ್ಣು ಘಟ್ಟದ ಅಂಚಿನ ಊರುಗಳಿಗೆ ಇನ್ನೂ ದೊಡ್ಡದೇ.

ಇದರ ನಡುವೆ ಬೇರೊಂದು ದಾರಿ ತೆರೆದಿದೆ. ಗೂಗಲ್ ಡೀಪ್‌ಮೈಂಡ್ 2023ರಲ್ಲಿ ಪ್ರಕಟಿಸಿದ 'ಗ್ರಾಫ್‌ಕಾಸ್ಟ್' ಮಾದರಿ ಸಮೀಕರಣಗಳನ್ನು ಬಿಡಿಸುವುದಿಲ್ಲ. ನಲವತ್ತು ವರ್ಷಗಳ ಹವಾಮಾನ ದಾಖಲೆಯಿಂದ ಕಲಿತು, ಹತ್ತು ದಿನಗಳ ಮುನ್ಸೂಚನೆಯನ್ನು ಒಂದೇ ವೇಗವರ್ಧಕದ ಮೇಲೆ ಒಂದು ನಿಮಿಷದೊಳಗೆ ಹೇಳುತ್ತದೆ. ಯೂರೋಪಿನ ಮಧ್ಯಮಾವಧಿ ಹವಾಮಾನ ಕೇಂದ್ರವು 2025ರ ಫೆಬ್ರವರಿಯಿಂದ ಇಂಥದೊಂದು ಮಾದರಿಯನ್ನು ನಿತ್ಯದ ಬಳಕೆಗೆ ತಂದಿದೆ. 2025ರ ಮುಂಗಾರಿಗೆ ಮುನ್ನ ನಮ್ಮ ಕೇಂದ್ರ ಕೃಷಿ ಸಚಿವಾಲಯವು ಇಂಥ ಮಾದರಿಗಳ ನೆರವಿನಿಂದ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮುಂಗಾರಿನ ಆಗಮನದ ಮುನ್ಸೂಚನೆಯನ್ನು ಮೊಬೈಲ್ ಸಂದೇಶವಾಗಿ ಕಳುಹಿಸಿತು. ಬಿತ್ತನೆಯ ದಿನ ನಿರ್ಧರಿಸುವ ರೈತನಿಗೆ ಇದು ದೊಡ್ಡ ಸಹಾಯ. ಆದರೆ ಗ್ರಾಫ್‌ಕಾಸ್ಟ್ ಕಲಿತ ದಾಖಲೆಯ ಕಣ್ಣು ಸುಮಾರು 28 ಕಿಲೋಮೀಟರಿನದು. ದಾಖಲೆಯಲ್ಲಿ ಕಾಣದ ಕಣಿವೆಯನ್ನು ಮಾದರಿಯೂ ಕಾಣಲಾರದು. ಹಳೆಯ ಮಳೆಯಿಂದ ಕಲಿತ ಯಂತ್ರ, ಹಿಂದೆಂದೂ ಸುರಿಯದಂಥ ಮಳೆ ಬಂದಾಗ ಹೇಗೆ ನಡೆದುಕೊಳ್ಳುತ್ತದೆಂಬುದು ಭೂಕುಸಿತದ ಭಯದಲ್ಲಿ ಬದುಕುವ ನಮಗೆ ಸಣ್ಣ ಪ್ರಶ್ನೆಯಲ್ಲ. ಆದ್ದರಿಂದ ಸಮೀಕರಣದ ಗಣನೆ ಮತ್ತು ಕಲಿಕೆಯ ಗಣನೆ ಎರಡೂ ಬೇಕು, ಎರಡಕ್ಕೂ ವೇಗವರ್ಧಕಗಳನ್ನು ನ್ಯಾಯವಾಗಿ ಹಂಚಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕಲಿಯಬೇಕಾದ ಪಾಠವೊಂದಿದೆ. 2015ರಲ್ಲಿ ಅಲ್ಲಿ ಸ್ಥಾಪನೆಯಾದ 'ಸಹಸ್ರಟಿ' ಯಂತ್ರದಲ್ಲಿ ಎರಡು ಬಗೆಯ ವೇಗವರ್ಧಕಗಳಿದ್ದವು: ಎನ್ವಿಡಿಯಾದ ಜಿಪಿಯು ಮತ್ತು ಇಂಟೆಲ್‌ನ 'ಕ್ಸಿಯಾನ್ ಫೈ'. ಕೆಲವೇ ವರ್ಷಗಳಲ್ಲಿ ಇಂಟೆಲ್ ಕಂಪನಿ ಕ್ಸಿಯಾನ್ ಫೈ ತಳಿಯನ್ನೇ ಕೈಬಿಟ್ಟಿತು. ಇದು ವಿಜ್ಞಾನ ಸಂಸ್ಥೆಯ ದೋಷವಲ್ಲ. ಪ್ರಪಂಚದ ಅನೇಕ ಕೇಂದ್ರಗಳು ಆಗ ಅದನ್ನು ಕೊಂಡಿದ್ದವು. ಬಿಲ್ಲೆಗೆ ಅಂಟಿಕೊಂಡು ಬರೆದ ತಂತ್ರಾಂಶ ಬಿಲ್ಲೆಯೊಂದಿಗೇ ಸಾಯುತ್ತದೆ ಎಂಬುದೇ ಇಲ್ಲಿನ ಪಾಠ. ಒಂದೇ ಕಂಪನಿಯ ಬೀಜ, ಅದಕ್ಕೇ ಒಗ್ಗುವ ಗೊಬ್ಬರ, ಅದಕ್ಕೇ ಮೀಸಲಾದ ಔಷಧ ಎಂಬ ಬಲೆಯಲ್ಲಿ ಸಿಕ್ಕಿದ ಕೃಷಿಯ ಪಾಡನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹತ್ತಾರು ಊರುಗಳಲ್ಲಿ ಹತ್ತಾರು ಭತ್ತದ ತಳಿಗಳನ್ನು ಉಳಿಸಿಕೊಳ್ಳುವುದು ಹೇಗೆ ವಿವೇಕವೋ, ಬೇರೆ ಬೇರೆ ತಯಾರಕರ ಬಿಲ್ಲೆಗಳ ಮೇಲೆ ನಡೆಯಬಲ್ಲ ಮುಕ್ತ ತಂತ್ರಾಂಶವನ್ನು ಸಾರ್ವಜನಿಕ ಹಣದಿಂದ ಬರೆಯಿಸುವುದೂ ಹಾಗೆಯೇ ವಿವೇಕ.

ಸರಪಳಿಯ ಕೊನೆಯ ಕೊಂಡಿಯ ಮಾತೂ ಇದೆ. ಅರ್ಕ ಮತ್ತು ಅರುಣಿಕಾ ಬಂದ ಅದೇ 2024ರಲ್ಲಿ, ಮಾರ್ಚ್ ತಿಂಗಳಿಗೆ, ದೇಶದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಲಾಯಿತು. ಮುನ್ಸೂಚನೆಯ ಅಂಕಿಗಳನ್ನು ಆಯಾ ಜಿಲ್ಲೆಯ ಬೆಳೆಗೆ, ಭಾಷೆಗೆ, ಹಂಗಾಮಿಗೆ ಹೊಂದಿಸಿ ರೈತನಿಗೆ ಸಲಹೆಯಾಗಿ ತಲುಪಿಸುತ್ತಿದ್ದವರು ಅಲ್ಲಿನ ಸಿಬ್ಬಂದಿ. ಸೆಕೆಂಡಿಗೆ ಕೋಟಿ ಕೋಟಿ ಲೆಕ್ಕ ಮಾಡುವ ಯಂತ್ರಕ್ಕೆ ಹಣ ಸಿಕ್ಕಿತು. ಆ ಲೆಕ್ಕವನ್ನು 'ಇವತ್ತು ಮದ್ದು ಹೊಡೆಯಬೇಡಿ, ನಾಳೆ ಹೊಳವಾಗುತ್ತದೆ' ಎಂಬ ಒಂದು ಸಾಲಾಗಿ ಹೇಳುವ ಮನುಷ್ಯನಿಗೆ ಸಿಗಲಿಲ್ಲ. ವೇಗವರ್ಧಕದ ಉಸ್ತುವಾರಿ ಬಿಲ್ಲೆಯಿಂದ ಆರಂಭವಾಗಿ ತೋಟದ ಬೇಲಿಯವರೆಗೆ ಬರಬೇಕಾದ್ದು. ನಡುವೆ ತುಂಡಾದರೆ ಮೇಲಿನ ವೇಗಕ್ಕೆ ಅರ್ಥವಿಲ್ಲ.

ಬೆಟ್ಟ ತೆರುವ ಬೆಲೆ

ಇಷ್ಟಕ್ಕೂ ಈ ಯಂತ್ರಗಳ ಲೆಕ್ಕ ಕೇಳಲು ನಾವು ಯಾರು ಎಂದು ಯಾರಾದರೂ ಕೇಳಬಹುದು. ಯಂತ್ರದ ಒಂದು ತುದಿಯಲ್ಲಿ ಮುನ್ಸೂಚನೆಯಿದ್ದರೆ ಇನ್ನೊಂದು ತುದಿಯಲ್ಲಿ ವಿದ್ಯುತ್ತಿದೆ. ಫ್ರಾಂಟಿಯರ್ ಯಂತ್ರ 2022ರಲ್ಲಿ ದಾಖಲೆಯ ಗಣನೆ ನಡೆಸಿದಾಗ ಬಳಸಿದ್ದು ಸುಮಾರು 21 ಮೆಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಲ್ಲಿ ಒಂದರ ಸಾಮರ್ಥ್ಯ 103.5 ಮೆಗಾವಾಟ್. ಅಂದರೆ ಒಂದು ಘಟಕದ ಪೂರ್ಣ ಉತ್ಪಾದನೆ ಅಂಥ ಐದು ಯಂತ್ರಗಳಿಗೆ ಸರಿಹೋಗುತ್ತದೆ. ಆ ವಿದ್ಯುತ್ತಿಗಾಗಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಹೆಸರುಗಳು ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಇವೆ. ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸುವ ಕಾವೇರಿ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ. ನಗರದ ಗಣಕ ಕೇಂದ್ರಗಳು ಯಂತ್ರ ತಂಪಾಗಿಸಲು ನೀರನ್ನು ಆವಿ ಮಾಡುವ ವಿಧಾನವನ್ನು ಅನುಸರಿಸಿದಲ್ಲಿ ಆ ಆವಿಯಲ್ಲಿ ಬೆಟ್ಟದ ಪಾಲೂ ಇರುತ್ತದೆ.

ಹವಾಮಾನದ ಯಂತ್ರಗಳು ತಿನ್ನುವ ವಿದ್ಯುತ್ತನ್ನು ನಾವು ಆಕ್ಷೇಪಿಸುತ್ತಿಲ್ಲ. ಒಂದು ಭೂಕುಸಿತದ ಎಚ್ಚರಿಕೆ ಸಕಾಲಕ್ಕೆ ಬಂದರೆ ಅದು ಸಾರ್ಥಕ. ಆದರೆ ಗಣನೆಯ ಹಸಿವು ಅಲ್ಲಿಗೆ ನಿಂತಿಲ್ಲ. ಕೇಂದ್ರ ಸರ್ಕಾರದ ಕೃತಕ ಬುದ್ಧಿಮತ್ತೆಯ ಯೋಜನೆಯಡಿ 2025ರೊಳಗೆ 38,000ದಷ್ಟು ಜಿಪಿಯುಗಳನ್ನು ರಿಯಾಯಿತಿ ದರದಲ್ಲಿ ಒದಗಿಸುವ ವ್ಯವಸ್ಥೆಯಾಗಿದೆ. ಖಾಸಗಿ ಕೇಂದ್ರಗಳದ್ದು ಬೇರೆ. ಹೊಸ ವಿದ್ಯುತ್ ಯೋಜನೆ ಬಂದಾಗಲೆಲ್ಲ 'ಬೇಡಿಕೆ ಹೆಚ್ಚಿದೆ' ಎಂಬ ಒಂದೇ ಮಾತನ್ನು ನಮ್ಮ ಮುಂದಿಡುತ್ತಾರೆ. ಆ ಬೇಡಿಕೆಯಲ್ಲಿ ಎಷ್ಟು ಪಾಲು ನಿಜವಾದ ದುಡಿಮೆ, ಎಷ್ಟು ಪಾಲು ಕೈಕಟ್ಟಿ ನಿಂತ ಬಿಲ್ಲೆಗಳ ಹಸಿವು ಎಂದು ಕೇಳುವುದು ವಿಜ್ಞಾನದ ವಿರೋಧವಲ್ಲ. ಇರುವ ಯಂತ್ರವನ್ನು ಸರಿಯಾಗಿ ದುಡಿಸಿ ಉಳಿಸಿದ ಪ್ರತಿ ಮೆಗಾವಾಟೂ ಮುಳುಗದೆ ಉಳಿದ ಕಾಡು.

ನಾವು ಕೇಳಬೇಕಾದ್ದು, ಮಾಡಬೇಕಾದ್ದು

ಸಾರ್ವಜನಿಕ ಹಣದಿಂದ ಕೊಂಡ ಪ್ರತಿಯೊಂದು ಸೂಪರ್ ಕಂಪ್ಯೂಟರೂ ವರ್ಷಕ್ಕೊಮ್ಮೆ ಸರಳವಾದ ಲೆಕ್ಕವೊಂದನ್ನು ಪ್ರಕಟಿಸಲಿ: ವೇಗವರ್ಧಕಗಳು ಒಟ್ಟು ಎಷ್ಟು ಗಂಟೆ ದುಡಿದವು, ಯಾವ ಯಾವ ಕೆಲಸಕ್ಕೆ, ಎಷ್ಟು ಯೂನಿಟ್ ವಿದ್ಯುತ್ತು ಮತ್ತು ಎಷ್ಟು ನೀರು ಬಳಕೆಯಾಯಿತು, ಎಷ್ಟು ಗಂಟೆ ಕೆಟ್ಟು ನಿಂತಿದ್ದವು. ಮುಂಗಾರಿನ ನಾಲ್ಕು ತಿಂಗಳು ಮಳೆ, ನೆರೆ ಮತ್ತು ಭೂಕುಸಿತದ ಗಣನೆಗೆ ಮೊದಲ ಸರದಿ ಎಂಬ ನಿಯಮ ಲಿಖಿತವಾಗಿರಲಿ. ಪಶ್ಚಿಮ ಘಟ್ಟದ ಉದ್ದಕ್ಕೂ ಒಂದೆರಡು ಕಿಲೋಮೀಟರು ಕಣ್ಣಿನ ಪ್ರತ್ಯೇಕ ಗಣನೆ ನಿತ್ಯವೂ ನಡೆಯಲಿ. ಇಡೀ ದೇಶಕ್ಕೆ ಅಷ್ಟು ಸಣ್ಣ ಬಲೆ ಹಾಸುವುದು ಕಷ್ಟವಾದರೂ ಘಟ್ಟದ ಪಟ್ಟಿಗೆ ಹಾಸುವುದು ಅಸಾಧ್ಯವಲ್ಲ. ಯಂತ್ರಕ್ಕೆ ಇಡುವ ಹಣದಲ್ಲಿ ಒಂದು ನಿಶ್ಚಿತ ಪಾಲು ತಂತ್ರಾಂಶ ಬರೆಯುವವರಿಗೆ, ಯಂತ್ರ ನೋಡಿಕೊಳ್ಳುವವರಿಗೆ ಮತ್ತು ಜಿಲ್ಲೆಯಲ್ಲಿ ಕುಳಿತು ರೈತನಿಗೆ ಸಲಹೆ ನೀಡುವವರಿಗೆ ಮೀಸಲಾಗಿರಲಿ.

ನಮ್ಮ ಕಡೆಯಿಂದಲೂ ಕೆಲಸವಿದೆ. ಮುನ್ಸೂಚನೆ ಸರಿಯಾಯಿತೋ ಇಲ್ಲವೋ ಎಂದು ಅಳೆಯದ ಹೊರತು ಯಂತ್ರದ ವೇಗ ಬರಿಯ ವೇಗ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ. ಮಲೆನಾಡಿನ ಅನೇಕ ಬೆಳೆಗಾರರ ಮನೆಗಳಲ್ಲಿ ದಶಕಗಳ ಮಳೆಯ ದಿನಚರಿ ಇದೆ. ಇದು ಯಾವ ಪೆಟಾಫ್ಲಾಪಿನಿಂದಲೂ ಹುಟ್ಟಿಸಲಾಗದ ಸಂಪತ್ತು. ಈ ಮಳೆಗಾಲದಲ್ಲಿ ಪ್ರತಿ ಶಾಲೆಯ ವಿದ್ಯಾರ್ಥಿಗಳು ಒಂದು ಪುಸ್ತಕದಲ್ಲಿ ಮೂರು ಅಂಕಣ ಎಳೆದು, ನಿನ್ನೆ ಹೇಳಿದ ಮಳೆ ಎಷ್ಟು, ಇಂದು ಬಿದ್ದದ್ದು ಎಷ್ಟು, ಎಷ್ಟು ಹೊತ್ತು ಹೊಳವಿತ್ತು ಎಂದು ದಿನವೂ ಬರೆಯಲಿ. ನಾಲ್ಕು ತಿಂಗಳ ಬರಹವನ್ನು ನಮ್ಮ ಬಳಗಕ್ಕೆ ಕಳುಹಿಸಿದರೆ ಊರೂರಿನ ಅಂಕಿಗಳನ್ನು ಕ್ರೋಡೀಕರಿಸಿ ಇದೇ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ, ಮುನ್ಸೂಚನೆ ನೀಡುವ ಸಂಸ್ಥೆಗಳಿಗೂ ತಲುಪಿಸುತ್ತೇವೆ. ಬಲೆಯ ಯಾವ ಕಣ್ಣಿನಲ್ಲಿ ತಮ್ಮ ಲೆಕ್ಕ ತಪ್ಪುತ್ತಿದೆಯೆಂದು ಪುಣೆಯ ವಿಜ್ಞಾನಿಗೂ ಆಗ ಕಾಣುತ್ತದೆ. ಲೆಕ್ಕ ಕೇಳುವವರ ಕೈಯಲ್ಲಿ ತಮ್ಮದೇ ಲೆಕ್ಕವಿದ್ದರೆ ಉತ್ತರ ಬೇಗ ಬರುತ್ತದೆ.